ಗುಡುಗಿಗೆ ತಕ್ಕ ಹರವಿ

ರೀ,

ಅಪ್ಪನ್ನ ಕರಕೊಂಡು ಬರಾಕ ಖಾನಾಪುರಕ್ಕ ಹೊಂಟೇನಿ. ಸಂಜಿ ರೈಲಿಗೆ ಬರತೇವಿ. ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯ ಬಿಸಿ ಮಾಡ್ಕೊರ್ರಿ.

ನಡಮನ್ಯಾಗಿನ ಮಣ್ಣಿನ ಹರವಿ ಕುಡಿಯೂ ನೀರಿಂದಲ್ಲ ಅಂತ ಅತ್ತಿಯವರಿಗೆ ಇನ್ನೊಮ್ಮೆ ಹೇಳ್ರಿ. ಮುಂಜಾನೆ ನೀವು ವಾಯರ್ ಕೂಡಸಾಕ ಅದರ ಬಾಯಿಂದ ಸ್ಪೀಕರ್ ಬಿಚ್ಚಿದ್ದೇ ತಡ, ಹೊಸಾ ಹರವಿ ಅಂತ ಒಂದು ಕೊಡ ನೀರ ಸುರದಾರು. ಬಿಸಲಾಗ ಬೋರಲ ಹಾಕೇನಿ. ಪೂರಾ ಒಣಗಿದ ಮ್ಯಾಲೆ ಸ್ಪೀಕರ್ ಕುಂದರಸ್ರಿ. ಕೆಳಗ ನಾ ಕೊಡ ಹೊರೂ ಸಿಂಬಿ ಇಡ್ರಿ. ಬರೇ ನೆಲಕ್ಕ ಇಟ್ರ ಗರಗರ ಅಂತೈತಿ.

ರಾತ್ರಿ ಬಾಜೂ ಮನಿ ಬಾಳಾಸಾಹೇಬರು ವಿಡಿಯೋದಾಗ ಸಿನಿಮಾ ನೋಡಾಕ ಬಂದ್ರ, ಇಷ್ಟು ದೊಡ್ಡ ಸ್ಪೀಕರಿಗೆ ಬೆಳಗಾವ್ಯಾಗ ಒಂದು ಸಾಗವಾನಿ ಪೆಟ್ಟಿಗಿ ಸಿಗಲಿಲ್ಲೇನು ಅಂತ ನಗತಾರು. ನಗಲಿ. ಪೆಟ್ಟಿಗಿ ನೀವೂ ತಂದಿದ್ರಿ. ಕಿಡಕಿ ಗಾಜು ನಡುಗಿದ್ವು, ಸಿನಿಮಾದಾಗಿನ ಗುಡುಗು ಮಾತ್ರ ಡಬ್ಬಿ ಬಡದಂಗ ಕೇಳತು. ನಮ್ಮಪ್ಪ ಗಡಿಗಿ ಸುಡೂ ಆವಿಗಿ ಮುಂದ ಕುಂತು, ಒಂದೊಂದ ಹರವಿ ಬೆರಳಿಲೆ ಬಡದು ನೋಡಿ ಇದನ್ನ ಆರಿಸಿದಾಕಿ ನಾನು. ನಿನ್ನಿ ಅದರಾಗ ಗುಡುಗಿದಾಗ ನೀವು ಚಹಾದ ಕಪ್ಪು ಕೆಳಗಿಟ್ಟು ನನ್ನ ಮಾರಿ ನೋಡಿದ್ರಲ್ಲ, ನನಗ ಅಷ್ಟ ಸಾಕು. ಆದ್ರ ಬಾಳಾಸಾಹೇಬರು ಕೇಳಿದ್ರ ಯಾರು ಆರಿಸಿದ್ದು ಅಂತ ಬಾಯಿಬಿಟ್ಟು ಹೇಳ್ರಿ.

ಇನ್ನೊಂದು. ಅಪ್ಪಗ ಕಿವಿ ಕೇಳಂಗಿಲ್ಲ ಅಂತ ಹಿಂದ ಮೂಲ್ಯಾಗ ಕುಂದರಸಬ್ಯಾಡ್ರಿ. ಹರವಿ ಬಾಜೂಕ ಚಾಪಿ ಹಾಕ್ರಿ. ತಾ ಮಾಡಿದ ಹರವಿ ಮ್ಯಾಲೆ ಅಂಗೈ ಇಟ್ಕೊಂಡು ಕುಂದರಲಿ. ಗುಡುಗು ಎಲ್ಲಾರಗಿಂತ ಮೊದಲ ಅಂವಗ ಕೇಳತೈತಿ.

ಕಾಂತಾ