‘ಚೆನ್ನಾಗಿದೆ’ ಎಂದ ತಪ್ಪಿಗೆ: ಕೆಲಸದ ಪರ್ಮಿಟ್ ಅಧಿಕಾರಿಗಳಿಗೆ ಒಂದು ಪತ್ರ

ಮಾನ್ಯರೇ,

ನನ್ನನ್ನು ನಿಮ್ಮ ದೇಶದಿಂದ ಹೊರಗೆ ಕಳಿಸಲು ನೀವು ಕೊಟ್ಟಿರುವ ಕಾರಣ, ನಾನೇ ಆಡಿದ ಒಂದು ಮಾತು. ‘ಈ ಹುದ್ದೆಗೆ ಅರ್ಹ ಸ್ಥಳೀಯ ಅಭ್ಯರ್ಥಿ ಲಭ್ಯವಿದ್ದು, ಸ್ವತಃ ಅರ್ಜಿದಾರರೇ ಅವರ ಕೆಲಸವನ್ನು ಮೆಚ್ಚಿ ಮಾತನಾಡಿರುತ್ತಾರೆ, ಆದ್ದರಿಂದ ಪರ್ಮಿಟ್ ನವೀಕರಣವನ್ನು ನಿರಾಕರಿಸಲಾಗಿದೆ’ ಎಂದು ಬಹಳ ಅಚ್ಚುಕಟ್ಟಾಗಿ ಬರೆಸಿದ್ದೀರಿ. ಮೆಚ್ಚಿದ್ದು ನಿಜ. ಆಡಿದ ಮಾತನ್ನು ಅಲ್ಲಗಳೆಯುವ ಹೆಂಗಸು ನಾನಲ್ಲ. ಆದರೆ ಆ ಅರ್ಹ ಸ್ಥಳೀಯ ಅಭ್ಯರ್ಥಿ ಈಗ ಕೆಲಸ ಬಿಟ್ಟು ಹೋಗಿ ಆಗಿದೆ. ಕುರ್ಚಿ ಖಾಲಿ ಇದೆ. ಅದರಲ್ಲಿ ಕೂತು ಕೆಲಸ ಮಾಡಬಲ್ಲ ನಾನು ಎರಡು ಬೀದಿ ಆಚೆ ಒಂದು ಬಾಡಿಗೆ ರೂಮಿನಲ್ಲಿ, ಕೆಲಸ ಮುಟ್ಟಿದರೆ ಅಪರಾಧ ಎನ್ನುವ ಸ್ಥಿತಿಯಲ್ಲಿ, ಕೈ ಕಟ್ಟಿ ಕೂತಿದ್ದೇನೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ನಮ್ಮಲ್ಲಿ ಒಂದು ಗಾದೆ. ನಿಮ್ಮ ಇಲಾಖೆ ಅದನ್ನೇ ನಿಯಮ ಮಾಡಿ ಹೊರಡಿಸಿದೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತು. ಅನುವಾದ ಮಾಡುವವರು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆ, ಮಾಡಿಸಿಕೊಳ್ಳಿ; ನನ್ನ ಮದುವೆ ಕಾಗದದಿಂದ ಹಿಡಿದು ಕಸುಬಿನ ಸರ್ಟಿಫಿಕೇಟಿನವರೆಗೆ ಎಲ್ಲವನ್ನೂ ನನ್ನ ಕೈಲಿ ಮಾಡಿಸಿದವರಲ್ಲವೇ ನೀವು? ನಿಮ್ಮ ಭಾಷೆಯಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ. ಕೆಲಸದ ಮಾತು ಬಿಟ್ಟರೆ ಅದರಲ್ಲಿ ನಾನು ಕಲಿತದ್ದು ಥ್ಯಾಂಕ್ಸು, ಸಾರಿ, ಪರವಾಗಿಲ್ಲ, ಕಾಯುತ್ತೇನೆ, ಇಷ್ಟೇ. ನಾಲ್ಕು ವರ್ಷ ಈ ನಾಲ್ಕು ಮಾತಲ್ಲೇ ಬದುಕಿದ್ದೇನೆ. ಲ್ಯಾಬಿನಲ್ಲಿ ಎಲ್ಲರೂ ನನ್ನನ್ನು ಬಹಳ ಸಾಧು ಸ್ವಭಾವದವಳು ಅಂದುಕೊಂಡಿದ್ದಾರೆ. ನನ್ನ ಗಂಡನಿಗೆ ಇದನ್ನು ಹೇಳಿದಾಗ ಅವರು ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಹಿಂದಿನ ರೂಮಿನಲ್ಲಿ ಕೂತು ಆ ಬಾಯಿಗೆ ಹೊಂದುವ ಹಲ್ಲು ಮಾಡಿ ಕೊಡುತ್ತೇವೆ. ನಿಮ್ಮ ಊರಿನ ಎಷ್ಟೋ ಜನ ನಾನು ಮಾಡಿದ ಹಲ್ಲಿನಲ್ಲಿ ನಗುತ್ತಿದ್ದಾರೆ. ಬಸ್ಸಿನಲ್ಲಿ ಎದುರು ಕೂತವರು ಬಾಯಿ ಬಿಟ್ಟರೆ, ಅರೆ, ಇದು ನಂದೇ ಅನಿಸುತ್ತದೆ. ಹಾಗಂತ ಹೇಳುವಂತಿಲ್ಲ. ಯಾರು ತಾನೇ ತಮ್ಮ ಹಲ್ಲು ಮಾಡಿದವಳನ್ನು ಬಸ್ಸಿನಲ್ಲಿ ಗುರುತಿಸಲು ಇಷ್ಟಪಡುತ್ತಾರೆ? ಹಿಂದಿನ ರೂಮಿಗೆ ಕಿಟಕಿ ಎತ್ತರದಲ್ಲಿದೆ, ಬೆಳಕು ಬರುತ್ತದೆ, ರಸ್ತೆ ಕಾಣುವುದಿಲ್ಲ. ಎರಡು ಮೇಜುಗಳಿದ್ದವು, ಕೂರುವವಳು ನಾನೊಬ್ಬಳೇ. ಎರಡನೇ ಮೇಜಿನ ಮೇಲೆ ಖಾಲಿ ಡಬ್ಬಗಳನ್ನು ಜೋಡಿಸಿಟ್ಟಿದ್ದೆ, ಯಾರೋ ಇದ್ದ ಹಾಗಿರಲಿ ಅಂತ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಅವರಿರುವುದು ಇನ್ನೊಂದು ದೇಶದಲ್ಲಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಹೊರದೇಶದಲ್ಲಿ ಕೆಲಸ ಹುಡುಕಿದೆವು. ನನಗೆ ಪರ್ಮಿಟ್ ಕೊಡಿಸಲು ಒಪ್ಪಿದ ಲ್ಯಾಬು ಇಲ್ಲಿ ಸಿಕ್ಕಿತು, ಅವರಿಗೆ ಒಪ್ಪಿದ ಕಂಪನಿ ಅಲ್ಲಿ ಸಿಕ್ಕಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅವರ ದೇಶದ ಕಾನೂನು ಮೆಕ್ಯಾನಿಕ್ಕುಗಳಿಗೆ ಹೆಂಡತಿಯನ್ನು ಕರೆಸಿಕೊಳ್ಳಲು ಬಿಡುವುದಿಲ್ಲ. ನಿಮ್ಮದು ಬಿಡುತ್ತದೆ, ಆದರೆ ಪರ್ಮಿಟ್ ಒಮ್ಮೆ ನವೀಕರಣವಾದ ಮೇಲೆ. ಹೀಗಾಗಿ ನಾವಿಬ್ಬರೂ ಒಂದೇ ಸೂರಿನಡಿ ಇರಬಹುದಾದ ಜಾಗ ಈ ಪ್ರಪಂಚದಲ್ಲಿ ಒಂದೇ ಆಗಿತ್ತು, ಮತ್ತು ಅದರ ಬೀಗದ ಕೈ ನಿಮ್ಮ ಡ್ರಾಯರಿನಲ್ಲಿತ್ತು. ಹಾಗಾದರೆ ಊರಿಗೆ ವಾಪಸ್ ಹೋಗಿ ಸುಖವಾಗಿರಬಾರದೇ ಎಂದು ಕೇಳಬಹುದು. ಅಲ್ಲಿ ನನ್ನ ಕಸುಬಿಗೆ ಕೆಲಸವಿದ್ದಿದ್ದರೆ ನಾನು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದೆ, ಸ್ವಾಮಿ? ನಾನು ಊರಿಗೆ ಹೋದರೆ ಅವರು ಆ ದೇಶದಲ್ಲೇ ಇದ್ದು ದುಡಿಯಬೇಕು. ಜಾಗ ಬದಲಾಗುತ್ತದೆ, ಒಂಟಿತನ ಬದಲಾಗುವುದಿಲ್ಲ.

ಒಂಟಿತನ ಅಂದೆ. ನಿಮ್ಮ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ, ಅದಕ್ಕೇ ಇಲ್ಲಿ ಹೇಳುತ್ತೇನೆ. ರಜಾ ದಿನ ಸಂಜೆ ಗಂಡ ಫೋನ್ ಮಾಡಿ, “ಯಾಕೆ, ಗಂಟಲು ಕಟ್ಟಿದ್ಯಾ?” ಅಂತ ಕೇಳುತ್ತಾರೆ. ಗಂಟಲು ಕಟ್ಟಿರುವುದಿಲ್ಲ. ಬೆಳಗ್ಗೆಯಿಂದ ಬಾಯಿ ಬಿಟ್ಟಿರುವುದಿಲ್ಲ, ಅಷ್ಟೇ. ಮೇಲಿನ ಮನೆಯವರು ಯಾವಾಗ ಚಪ್ಪಲಿ ಹಾಕುತ್ತಾರೆ, ಯಾವಾಗ ಬರಿಗಾಲಲ್ಲಿ ಓಡಾಡುತ್ತಾರೆ ಎಂದು ನನಗೆ ಗೊತ್ತು. ಅವರ ಮುಖ ಗೊತ್ತಿಲ್ಲ. ನನಗೆ ಬಹಳ ಬೇಸರವಾಗುತ್ತದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಇನ್ನು ಆ ಮಾತಿನ ಕಥೆ. ಪರ್ಮಿಟ್ ನವೀಕರಣವಾಗಬೇಕಾದರೆ ನಾನು ಕೂತಿರುವ ಕುರ್ಚಿಗೆ ಮೊದಲು ಜಾಹೀರಾತು ಕೊಡಬೇಕು, ನಿಮ್ಮ ದೇಶದವರು ಯಾರೂ ಸಿಗಲಿಲ್ಲ ಎಂದು ತೋರಿಸಬೇಕು. ಲ್ಯಾಬಿನ ಓನರಮ್ಮ ಒಳ್ಳೆಯವರು. ಜಾಹೀರಾತು ಕೊಟ್ಟರು. ಯಾರೂ ಬರಲಿಲ್ಲ, ಯಾರೂ ಬರಲಿಲ್ಲ, ಕೊನೆಗೆ ಒಬ್ಬರು ಬಂದರು. ಐವತ್ತು ದಾಟಿದವರು. ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳಲು ಕಸುಬು ಬಿಟ್ಟಿದ್ದರಂತೆ, ಆಕೆ ತೀರಿಹೋದ ಮೇಲೆ ಮನೆಯಲ್ಲಿ ಕೂರಲಾರದೆ ಮತ್ತೆ ಕೆಲಸ ಹುಡುಕುತ್ತಿದ್ದರಂತೆ. ಅವರನ್ನು ಹೊಸಬರು ಅಂತಲೇ ಕರೆಯುತ್ತೇನೆ. ನಿಯಮದ ಪ್ರಕಾರ ಅವರಿಗೊಂದು ಪರೀಕ್ಷೆ: ಮುಂದಿನ ಹಲ್ಲಿಗೆ ಒಂದು ಪಿಂಗಾಣಿ ಕ್ಯಾಪು ಮಾಡಿ ತೋರಿಸಬೇಕು. ನೋಡಲು ನಿಮ್ಮ ಇಲಾಖೆಯ ಪರಿಶೀಲಕರೂ ಬಂದಿದ್ದರು. ಲ್ಯಾಬಿನಲ್ಲಿ ಕೆಲಸದ ಒಳಹೊರಗು ಬಲ್ಲವಳು ನಾನೊಬ್ಬಳೇ, ಆದ್ದರಿಂದ ನೋಡಿ ಹೇಳಬೇಕಾದವಳೂ ನಾನೇ. ಗಮನಿಸಿ, ಮಾನ್ಯರೇ. ನನ್ನ ಅನ್ನಕ್ಕೆ ಕೈ ಹಾಕಲು ಬಂದವರಿಗೆ ನಾನೇ ಮಾರ್ಕು ಹಾಕಬೇಕು. ಇಂಥ ವ್ಯವಸ್ಥೆ ಯಾರ ತಲೆಗೆ ಹೊಳೆಯಿತೋ, ಅವರಿಗೆ ನೀವು ಖಂಡಿತ ಬಡ್ತಿ ಕೊಟ್ಟಿರುತ್ತೀರಿ.

ಹಿಂದಿನ ದಿನವೇ ಓನರಮ್ಮ ನನ್ನನ್ನು ಪಕ್ಕಕ್ಕೆ ಕರೆದಿದ್ದರು. “ನೋಡು, ನೀನು ಜಾಸ್ತಿ ಏನೂ ಹೇಳ್ಬೇಡ. ‘ಇನ್ನೂ ಸ್ವಲ್ಪ ಪಳಗಬೇಕು’ ಅನ್ನು, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.” ಆಗಲಿ ಅಂದೆ. ಕನ್ನಡಿ ಮುಂದೆ ನಿಂತು ಅದನ್ನು ಹೇಳಿ ಹೇಳಿ ರೂಢಿಯನ್ನೂ ಮಾಡಿಕೊಂಡೆ.

ಮರುದಿನ ಅವರು ಕ್ಯಾಪನ್ನು ನನ್ನ ಅಂಗೈಗೆ ಹಾಕಿದರು. ನಿಮಗೆ ಗೊತ್ತಿರಲಿಕ್ಕಿಲ್ಲ, ಬಾಯಲ್ಲಿರುವ ಹಲ್ಲು ಬೆಳ್ಳಗಿರುವುದಿಲ್ಲ. ಬುಡದಲ್ಲಿ ಹಳದಿ, ತುದಿಯಲ್ಲಿ ಕೊಂಚ ಗಾಜಿನಂತೆ. ಅದೆಲ್ಲ ಸರಿಯಾಗೇ ಇತ್ತು. ಬೆಳಕಿಗೆ ಹಿಡಿದೆ. ಹಲ್ಲಿನ ಮೇಲಿನಿಂದ ಕೆಳಕ್ಕೆ ಒಂದು ಗೀರು, ಕೂದಲೆಳೆಗಿಂತ ಸಣ್ಣದು. ವಯಸ್ಸಾದವರ ಹಲ್ಲಿನಲ್ಲಿ ಅಂಥ ಗೀರು ಇದ್ದೇ ಇರುತ್ತದೆ. ಪಕ್ಕದ ಹಲ್ಲುಗಳ ಜೊತೆ ಇದೂ ಹಳೆಯದಾಗಿ ಕಾಣಲಿ ಅಂತ ಆ ಮನುಷ್ಯ ಬೇಕೆಂದೇ, ಬಣ್ಣ ಗಟ್ಟಿಯಾಗಲು ಒಲೆಯಲ್ಲಿಟ್ಟು ಸುಡುವ ಮೊದಲು, ಅದನ್ನು ಎಳೆದಿದ್ದರು. ನಾಲ್ಕು ವರ್ಷದಲ್ಲಿ ನನ್ನ ಎದುರು ಯಾರೂ ಅಂಥ ಕೆಲಸ ಮಾಡಿರಲಿಲ್ಲ. ನಾನು ಮಾಡಿದಾಗ ನೋಡಿದವರೂ ಇರಲಿಲ್ಲ. “ಅಯ್ಯೋ, ಎಷ್ಟು ಚೆನ್ನಾಗಿದೆ! ಈ ಗೀರು ಹೇಗೆ ಎಳೆದ್ರಿ?” ಅಂದುಬಿಟ್ಟೆ. ಮೇಜಿನ ಕೆಳಗೆ ಓನರಮ್ಮ ನನ್ನ ಕಾಲು ತುಳಿದರು. ಅಷ್ಟರಲ್ಲಿ ಪರಿಶೀಲಕರು ಬರೆದುಕೊಂಡಾಗಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಅದು ನನಗೇ ಹೇಳಿ ಮಾಡಿಸಿದ ಮಾತು.

ಇದನ್ನು ಪ್ರಾಮಾಣಿಕತೆ ಅಂತ ಯಾರೂ ಹೊಗಳಬೇಡಿ. ಮೈಮರೆತೆ, ಅಷ್ಟೇ. ದಿನಗಟ್ಟಲೆ ಊಟವಿಲ್ಲದವಳ ಮುಂದೆ ತಟ್ಟೆ ಇಟ್ಟರೆ ಅವಳು ಯಾರ ತಟ್ಟೆ ಅಂತ ಕೇಳುತ್ತಾಳೆಯೇ? ನನ್ನ ಕೆಲಸದ ಬಗ್ಗೆ ಮಾತಾಡಬಲ್ಲ ಒಬ್ಬ ಮನುಷ್ಯ ಎದುರು ಕೂತಿದ್ದರು. ಬಾಯಿಗೆ ಬಂದದ್ದು ಹೊರಗೆ ಬಂತು.

ಗಂಡನಿಗೆ ಹೇಳಿದೆ. ನನ್ನ ಪರ್ಮಿಟ್ ನವೀಕರಣ ಆಗೇ ಆಗುತ್ತದೆ ಅಂತ ನಂಬಿ ಅವರು ಅಷ್ಟು ಹೊತ್ತಿಗೆ ಕಂಪನಿಗೆ ಕೆಲಸ ಬಿಡುವ ನೋಟಿಸ್ ಕೊಟ್ಟಿದ್ದರು. ಇಲ್ಲಿಯ ಚಳಿಗೆ ಅಂತ ದಪ್ಪನೆಯ ಕೋಟನ್ನೂ ಕೊಂಡು, ಅಲ್ಲಿಯ ಸುಡು ಬಿಸಿಲಿನಲ್ಲಿ ಅದನ್ನು ತೊಟ್ಟು, ವಿಡಿಯೋದಲ್ಲಿ ತಿರುಗಿ ತಿರುಗಿ ತೋರಿಸಿದ್ದರು. “ನಿನ್ನ ಬಾಯಿಗೆ ಹೊಲಿಗೆ ಹಾಕಬೇಕಿತ್ತು ಕಣೇ,” ಅಂದು ಫೋನ್ ಇಟ್ಟರು. ನನಗೂ ಹಾಗೇ ಅನಿಸಿತ್ತು, ಆದರೆ ಅವರ ಬಾಯಲ್ಲಿ ಕೇಳಿದಾಗ ಅಳು ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಫೋನ್ ಮಾಡಿದರು. “ಅದಿರ್ಲಿ, ಆ ಗೀರು ಯಾವುದರಲ್ಲಿ ಎಳೀತಾರೆ? ಬ್ರಷ್ಷಾ, ಸೂಜೀನಾ?” ನಾನು ಹೇಳಿದೆ, ಅವರು ಕೇಳಿದರು. ಮಾರನೇ ದಿನ ಹೋಗಿ ನೋಟಿಸ್ ವಾಪಸ್ ತೆಗೆದುಕೊಂಡರು.

ನನ್ನ ಪರ್ಮಿಟ್ ಮುಗಿಯುವವರೆಗೆ ಹೊಸಬರು ಪಕ್ಕದ ಮೇಜಿನಲ್ಲಿ ಕೂತರು. ಡಬ್ಬಗಳನ್ನು ನಾನೇ ತೆಗೆದುಕೊಟ್ಟೆ. ನನ್ನ ಕೆಲಸ ಕಿತ್ತುಕೊಂಡವರ ಮೇಲೆ ನಾನು ಸಿಟ್ಟಾಗಿರಬೇಕಿತ್ತು, ಪ್ರಯತ್ನವೂ ಪಟ್ಟೆ, ಆಗಲಿಲ್ಲ. ಅವರು ಮೇಣ ಕಾಯಿಸುತ್ತಾ ಹೆಂಡತಿಯ ಕಥೆ ಹೇಳುತ್ತಿದ್ದರು, ನಾನು ಹರುಕು ಮುರುಕು ಮಾತಲ್ಲಿ ಗಂಡನ ಕೋಟಿನ ಕಥೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ನಿಮ್ಮ ದೇಶದಲ್ಲಿ ನಾನು ಸುಖವಾಗಿದ್ದದ್ದು ಆ ಕೆಲವು ವಾರ ಮಾತ್ರ. ಆ ರೂಮಿನಲ್ಲಿ ಇಬ್ಬರಿಗೂ ಸಾಕಾಗಿ ಮಿಗುವಷ್ಟು ಕೆಲಸವಿತ್ತು. ‘ಇವರೂ ಇರಲಿ, ಅವಳೂ ಇರಲಿ’ ಎಂದು ಬರೆಯಲು ನಿಮ್ಮ ಪೆನ್ನಿಗೆ ಏನು ಅಡ್ಡ ಬಂತು?

ಪರ್ಮಿಟ್ ಮುಗಿಯಿತು. ನಾನು ಲ್ಯಾಬಿಗೆ ಹೋಗುವುದು ನಿಂತಿತು. ಕೆಲವೇ ದಿನಕ್ಕೆ ಹೊಸಬರು ನನ್ನ ರೂಮಿನ ಬಾಗಿಲು ತಟ್ಟಿದರು. “ನಾನೂ ಬಿಟ್ಟೆ ಕಣಮ್ಮ. ಮನೇಲಿ ಒಬ್ಬನೇ ಇರೋಕೆ ಆಗ್ದೆ ಕೆಲಸಕ್ಕೆ ಬಂದವನು ನಾನು. ಅಲ್ಲೂ ಒಬ್ಬನೇ ಕೂರು ಅಂದ್ರೆ ಹೇಗೆ? ಮಗಳ ಊರಿಗೆ ಹೋಗ್ತೀನಿ,” ಅಂದರು. ಆಮೇಲೆ ನನ್ನ ಮುಖ ನೋಡಿ, “ನನ್ನಿಂದ ನಿನಗೆ ಹೀಗಾಯ್ತು,” ಅಂದರು. ನಿಮ್ಮಿಂದಲ್ಲ ಅಂದೆ. ಯಾರಿಂದ ಎಂದು ಹೇಳಲು ಅವರ ಭಾಷೆಯಲ್ಲಿ ನನಗೆ ಪದ ಸಾಲಲಿಲ್ಲ, ಈಗ ಈ ಭಾಷೆಯಲ್ಲಿ ಹೇಳುತ್ತಿದ್ದೇನೆ: ನಿಮ್ಮಿಂದ. ಅವರಿಗೆ ಬೇಡವೆನಿಸಿತು, ಬಿಟ್ಟರು. ಅದು ಅವರ ಹಕ್ಕು, ಹೊಟ್ಟೆಕಿಚ್ಚಿಲ್ಲ. ನಾನು ಬಿಡುವಂತಿಲ್ಲ, ಬಿಟ್ಟರೆ ದೇಶ ಬಿಡಬೇಕು. ಇರುವಂತೆಯೂ ಇಲ್ಲ, ಇರಬೇಕಾದರೆ ಕುರ್ಚಿ ಬೇಕು.

ಓನರಮ್ಮ ಆ ಕುರ್ಚಿಗೆ ಮತ್ತೆ ನನ್ನ ಹೆಸರಲ್ಲಿ ಅರ್ಜಿ ಹಾಕಿದರು. ಒಮ್ಮೆ ನಿರಾಕರಿಸಿದ ಹುದ್ದೆಗೆ ಅದೇ ಲ್ಯಾಬು ಒಂದು ವರ್ಷದವರೆಗೆ ವಿದೇಶಿಯರನ್ನು ಕೇಳುವಂತಿಲ್ಲ ಎಂದು ವಾಪಸ್ ಕಳಿಸಿದಿರಿ. ಓನರಮ್ಮ ಫೋನ್ ಮಾಡಿ ಕೇಳಿದರೆ ನಿಮ್ಮವರು, “ಆಕೆ ಬೇರೆ ಕಡೆ ಪ್ರಯತ್ನಿಸಬಹುದು, ತಿಂಗಳ ಕೊನೆಯವರೆಗೆ ಸಮಯವಿದೆ, ಪ್ರಾಯೋಜಕರ ಪಟ್ಟಿ ನಮ್ಮ ವೆಬ್‌ಸೈಟಿನಲ್ಲಿದೆ” ಎಂದರಂತೆ. ದೇವರು ವರ ಕೊಟ್ಟರೂ ಪೂಜಾರಿ ಬಿಡ.

ನಿಮ್ಮ ಆ ಪಟ್ಟಿಯನ್ನು ನಾನು ಕಾಲ್ನಡಿಗೆಯಲ್ಲಿ ಓದಿದ್ದೇನೆ. ವಿದೇಶದ ಕುಶಲ ಕೆಲಸಗಾರರಿಗೆ ಪರ್ಮಿಟ್ ಕೊಡಿಸಲು ಅನುಮತಿ ಪಡೆದ ಹಲ್ಲಿನ ಲ್ಯಾಬುಗಳು ಎಂದು ಅದರಲ್ಲಿ ಬರೆದಿದೆ. ಕೊಡಿಸಲು ಮನಸ್ಸಿರುವವರು ಎಂದಲ್ಲ. ಆ ವ್ಯತ್ಯಾಸ ಬಾಗಿಲು ತಟ್ಟಿದ ಮೇಲೇ ತಿಳಿಯುವುದು. ಒಂದು ವಿಳಾಸದಲ್ಲಿ ಈಗ ಕನ್ನಡಕದ ಅಂಗಡಿ. ಇನ್ನೊಂದು ಕಡೆ ಒಬ್ಬರು ನಗುತ್ತಾ, “ಆ ಪಟ್ಟೀಲಿ ನಾವಿನ್ನೂ ಇದ್ದೀವಾ? ಯಾವ ಕಾಲದ್ದು ಅದು!” ಅಂದರು. ಮತ್ತೊಂದು ಕಡೆ ನಾನು ಮಾಡಿದ ಹಲ್ಲುಗಳನ್ನು ನೋಡಿದರು, ಮೆಚ್ಚಿದರು, ಟೀ ಕೊಟ್ಟರು. “ಪರ್ಮಿಟ್ ಇದ್ರೆ ನಾಳೆಯಿಂದಲೇ ಬನ್ನಿ,” ಅಂದರು. ಪರ್ಮಿಟ್ ನೀವೇ ಕೊಡಿಸಬೇಕು ಅಂದೆ. ಟೀ ಮುಗಿಯುವವರೆಗೆ ಹವಾಮಾನದ ಬಗ್ಗೆ ಮಾತಾಡಿದೆವು.

ಉಳಿದದ್ದು ಒಂದೇ ಒಂದು ಲ್ಯಾಬು, ಊರಿನ ಆ ತುದಿಯಲ್ಲಿ. ಅವರು ಯೋಚಿಸಿ ಹೇಳುತ್ತೇವೆ ಅಂದಿದ್ದರು. ಮೊನ್ನೆ ಹೇಳಿದರು. ಆಗುವುದಿಲ್ಲವಂತೆ.

ಇದನ್ನು ನಾನು ಗಂಡನಿಗೆ ಹೇಳಿಲ್ಲ. ಅವರ ಕಂಪನಿಯವರು ಇನ್ನೂ ಮೂರು ವರ್ಷಕ್ಕೆ ಕರಾರಿಗೆ ಸಹಿ ಕೇಳುತ್ತಿದ್ದಾರೆ. ಹಾಕಿದರೆ ನಡುವೆ ಬಿಟ್ಟು ಬರುವಂತಿಲ್ಲ, ಹಾಕದಿದ್ದರೆ ಅಲ್ಲಿಯೂ ಕೆಲಸವಿಲ್ಲ. ಶುಕ್ರವಾರದೊಳಗೆ ತಿಳಿಸಬೇಕಂತೆ. ನಿನ್ನೆ ಕೇಳಿದರು, “ಆ ಲ್ಯಾಬಿನವರು ಏನಂದ್ರು? ಹೂಂ ಅಂದಿದ್ರೆ ನಾನು ಸೈನ್ ಹಾಕಲ್ಲ.” ನಾನು “ಊಟ ಆಯ್ತಾ?” ಅಂದೆ. “ಆಯ್ತು. ನಿಂದು?” “ಆಯ್ತು.” ನಾನು ಊಟ ಮಾಡಿರಲಿಲ್ಲ. ಅವರೂ ಮಾಡಿರಲಿಲ್ಲ ಅಂತ ದನಿಯಲ್ಲೇ ಗೊತ್ತಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಖಾಲಿ ಕುರ್ಚಿಗೆ ಓನರಮ್ಮ ಹಾಕಿ, ನೀವು ವಾಪಸ್ ಕಳಿಸಿದ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಳ್ಳಿ, ಗುರುವಾರ ಸಂಜೆಯೊಳಗೆ ಒಂದು ಮಾತು ಹೇಳಿ. ಹೌದು ಅಂದರೆ ನಿಮ್ಮ ಹೊಟ್ಟೆ ತಣ್ಣಗಿರಲಿ. ಇಲ್ಲ ಎನ್ನುವುದಾದರೆ ಈ ಸಲ ನನಗೆ ಪತ್ರ ಬರೆಯಬೇಡಿ. ನನ್ನ ಗಂಡನ ನಂಬರು ನಿಮ್ಮ ಕಡತದಲ್ಲಿದೆ, ಅವರಿಗೆ ಫೋನ್ ಮಾಡಿ, ನೀವೇ ಹೇಳಿ. ನನ್ನ ಕೈಲಾಗುವುದಿಲ್ಲ. ಈ ದೇಶದಿಂದ ಅವರಿಗೆ ಫೋನ್ ಮಾಡುವವಳು ನಾನೊಬ್ಬಳೇ, ಹಾಗಾಗಿ ಅವರು ಎತ್ತಿದ ಕೂಡಲೇ, ನಾನೇ ಅಂದುಕೊಂಡು, “ಹೇಳೇ, ಏನಂದ್ರು?” ಅನ್ನುತ್ತಾರೆ. ಅಲ್ಲಿಂದ ಮುಂದೆ ನೀವು ಹೇಳಿ.

ಇಂತಿ,
ತಿಂಗಳ ಕೊನೆಯವರೆಗೆ ನಿಮ್ಮ ಊರಿನಲ್ಲೇ ಸಿಗುವ,
ಹಲ್ಲು ಕಟ್ಟುವವಳು