ಒಂದು ವಾರದ ಮಳೆ ಒಂದೇ ದಿನ ಬಂದರೆ

ಉಸ್ಮಾನ್ ಕಾಕಾ, ನಿಮಗೆ ಸಲಾಂ.

ಮೊದಲ ಸಲ ಕೊಪ್ಪದ ನಿಮ್ಮ ಮೈಕ್‌ಸೆಟ್ ಅಂಗಡಿಗೆ ಬಂದಾಗ ನಾನು ಪುಟ ತುಂಬ ಬರೆದುಕೊಂಡು ಬಂದಿದ್ದೆ. ಊರಿಗೆ ಮೊಬೈಲ್ ಟವರ್ ಹೊಸದಾಗಿ ಬಂದ ವರ್ಷ ಅದು. ಆದರೂ ನಾಲ್ಕು ಜನಕ್ಕೆ ಸುದ್ದಿ ಮುಟ್ಟಬೇಕಾದರೆ ನಿಮ್ಮ ಪ್ರಚಾರದ ಆಟೋವೇ ಗತಿ. ನಾನೋ, ಕಾಲೇಜಿನಲ್ಲಿ ಭೂಗೋಳ ಕಲಿಸುತ್ತ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಳೆಯ ಅಳತೆ ಬರೆದಿಡುವ ಹುಚ್ಚು ಹಚ್ಚಿಕೊಂಡವಳು. "ಹವಾಮಾನ ವೈಪರೀತ್ಯ ಹಾಗೂ ಅದರ ಬಹುಮುಖಿ ಪರಿಣಾಮಗಳ ಕುರಿತು ಜಾಗೃತಿ ಸಭೆ" ಎಂದು ನೀವು ಒಮ್ಮೆ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಿರಿ. ಒಲೆ ಮುಂದಿದ್ದವಳು ಬಾಗಿಲಿಗೆ ಬರುವಷ್ಟರಲ್ಲಿ ಆಟೋ ತಿರುವು ದಾಟಿರುತ್ತದೆ, ಅಷ್ಟರೊಳಗೆ ಮುಗಿಯುವ ಮಾತು ಕೊಡಿ ಎಂದಿರಿ. ನನಗೆ ಸಿಟ್ಟು ಬಂದಿತ್ತು. ಸರ್ಕಸ್ಸಿಗೂ ದನದ ಡಾಕ್ಟರ ಶಿಬಿರಕ್ಕೂ ಕೂಗುವವರು ನನಗೆ ಮಾತು ಕಲಿಸುವುದೇ?

ಶೆಟ್ಟಿಕೊಪ್ಪದ ಆ ಸಭೆ ನೆನಪಿದೆಯಲ್ಲ? ನೀವು ಮೈಕಿನ ವೈರು ಹಿಡಿದು ಬದಿಯಲ್ಲಿ ನಿಂತಿದ್ದಿರಿ. ಊರಾಚೆಯ ಹಳ್ಳಕ್ಕೆ ಕಾಲುಸೇತುವೆಯಾಗಿ ಹೊಸ ಸಂಕ ಕಟ್ಟುವ ಎಸ್ಟಿಮೇಟ್ ಆಗ ತಯಾರಾಗುತ್ತಿತ್ತು. ಹಳೇ ಸಂಕದಷ್ಟೇ ಎತ್ತರ ಸಾಕು ಎಂಬುದು ಎಲ್ಲರ ಅಭಿಪ್ರಾಯ. ಹಳ್ಳದಾಚೆಯ ಮಕ್ಕಳು ಅದನ್ನೇ ದಾಟಿ ಶಾಲೆಗೆ ಬರಬೇಕು. ಒಮ್ಮೆ ತಗ್ಗಾಗಿ ಕಟ್ಟಿಬಿಟ್ಟರೆ ಮತ್ತೆ ಒಂದು ತಲೆಮಾರು ಯಾರೂ ಅದನ್ನು ಮುಟ್ಟುವುದಿಲ್ಲ. ಎತ್ತರಿಸಿ ಎಂದು ಹೇಳುವುದಕ್ಕೇ ನಾನು ಹೋಗಿದ್ದು. ಹೇಳಿದ್ದೇನು? ಗ್ರಾಫಿನ ಹಾಳೆ ತೂಗುಹಾಕಿ, ವರ್ಷದ ಸರಾಸರಿ ಮಳೆಯಲ್ಲಿ ಅಂಥ ವ್ಯತ್ಯಾಸವಿಲ್ಲ ಎಂದು ಶುರುಮಾಡಿದೆ. ಅಷ್ಟೇ ಮಳೆ ಈಗ ಕೆಲವೇ ದಿನಗಳಲ್ಲಿ ಒಟ್ಟಿಗೆ ಸುರಿಯತೊಡಗಿದೆ ಎಂಬ ಮುಖ್ಯ ಮಾತಿಗೆ ಬರುವ ಹೊತ್ತಿಗೆ ಜನ ಕಾಫಿಯ ಕಡೆ ನೋಡುತ್ತಿದ್ದರು. ಮಳೆ ಬದಲಾಗಿಲ್ಲವೆಂದು ಮೇಡಮ್ಮೇ ಹೇಳಿದ ಮೇಲೆ ಹಳೇ ಎತ್ತರವೇ ಸರಿ ಎಂದು ಅಧ್ಯಕ್ಷರು ನನಗೇ ವಂದನೆ ಹೇಳಿದರು. ಚಪ್ಪಾಳೆ ಬೇರೆ.

ವಾಪಸ್ ಬರುವಾಗ ಆಟೋದಲ್ಲಿ ನೀವು, ಬರುವ ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗುತ್ತದೆ ಎಂದು ಬರೆದುಕೊಡಿ, ನಾಳೆಯೇ ಕೂಗುತ್ತೇನೆ ಎಂದಿರಿ. ಹೋಗುತ್ತದೆ ಎನ್ನಲು ನನ್ನಲ್ಲಿ ಆಧಾರವಿಲ್ಲ, ಹೋಗಬಹುದು ಎಂದಷ್ಟೇ ಹೇಳಬಲ್ಲೆ ಎಂದೆ.

"ಬಹುದು ಅಂದ್ರೆ ಯಾರು ತಿರುಗಿ ನೋಡ್ತಾರೆ ಮೇಡಂ? ಸರ್ಕಸ್ ಬರಬಹುದು ಅಂತ ಕೂಗಿದ್ರೆ ಒಂದು ಟಿಕೇಟ್ ಹೋಗ್ತದಾ?"

"ಹೋಗೇ ಹೋಗ್ತದೆ ಅಂತ ಹೇಳಿ, ಆ ವರ್ಷ ಹೋಗದಿದ್ರೆ? ಮತ್ತೆ ನಮ್ಮ ಮಾತು ಯಾರು ಕೇಳ್ತಾರೆ ಕಾಕಾ?"

ಇಬ್ಬರೂ ಮುಖ ಊದಿಸಿಕೊಂಡು ಇಳಿದೆವು. ಹತ್ತು ಹದಿನೈದು ದಿನ ನಿಮ್ಮ ಅಂಗಡಿ ಬಂದಾಗ ನಾನು ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದೆ. ಹಟ ನನಗೇನು ಕಮ್ಮಿಯೇ? ನಿಮಗಂತೂ...

ಒಂದು ಶನಿವಾರ ನೀವೇ ಕಾಲೇಜಿನ ಗೇಟಿಗೆ ಬಂದಿರಿ. ಅಡ್ಡಗದ್ದೆಯ ಕಡೆ ಯಾವುದೋ ಪ್ರಚಾರಕ್ಕೆ ಹೋದವರು ಮಳೆಗೆ ಸಿಕ್ಕಿ, ಗಂಟೆಯೊಳಗೆ ತೋಡು ತುಂಬಿ ರಸ್ತೆಗೆ ಹತ್ತಿದ್ದನ್ನು ಆಟೋದಲ್ಲೇ ಕೂತು ನೋಡಿದಿರಂತೆ. ಕೂತಲ್ಲೇ ಯೋಚನೆ ಬಂತಂತೆ.

"ನೀವೂ ಹೇಳೋದು ಬೇಡ, ನಾನೂ ಹೇಳೋದು ಬೇಡ ಮೇಡಂ. ಕೇಳುವ. ಒಂದು ವಾರದ ಮಳೆ ಒಂದೇ ದಿನ ಬಂದ್ರೆ ನಿಮ್ಮೂರ ಸಂಕ ತಡೀತದಾ? ಅಷ್ಟೇ."

ಅದರಲ್ಲಿ ಸುಳ್ಳಿರಲಿಲ್ಲ, ಬಹುದು ಎಂಬ ಅನುಮಾನವೂ ಇರಲಿಲ್ಲ. ನಾನು ವರ್ಷಗಟ್ಟಲೆ ಅಳೆದದ್ದೆಲ್ಲ ಅಷ್ಟು ಚಿಕ್ಕ ಮಾತಿನೊಳಗೆ ಕೂತಿತ್ತು. ನಾನು ಬಾಯ್ತುಂಬ ಹೊಗಳಬೇಕಿತ್ತು. ನೋಡೋಣ ಎಂದೆ. ಆ ನನ್ನ ಒಣ ಮಾತು ಈಗಲೂ ಚುಚ್ಚುತ್ತದೆ, ಕಾಕಾ.

ನೀವು ಎರಡು ದಿನ ನರಸಿಂಹರಾಜಪುರದಿಂದ ಶೆಟ್ಟಿಕೊಪ್ಪದವರೆಗೂ ಆ ಪ್ರಶ್ನೆ ಕೂಗಿದಿರಿ. ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಡೈರಿಯಲ್ಲಿ ಜನ ಅದನ್ನೇ ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದಾರೆ ಎಂದು ಖುಷಿಯಿಂದ ಬಂದು ಹೇಳಿದ್ದೂ ನೀವೇ. ಆಮೇಲೆ ಎದೆನೋವು, ಮಂಗಳೂರಿಗೆ ಹೊರಟ ಕಾರು... ನೀವು ಜೀವಂತ ಮರಳಿ ಬರಲಿಲ್ಲ. ಸಂಕದ ಎಸ್ಟಿಮೇಟ್ ಒಪ್ಪಬೇಕಿದ್ದ ತಾಲೂಕು ಪಂಚಾಯಿತಿ ಸಭೆಗೆ ಇನ್ನು ಮೂರು ದಿನವಿತ್ತು. ಮುಂದಿನದು ನಿಮಗೆ ಗೊತ್ತಿಲ್ಲ.

ಸಭೆಯ ದಿನ ನಾನು ಗ್ರಾಫ್ ಬಿಚ್ಚಲಿಲ್ಲ. ಇಂಜಿನಿಯರಿಗೆ ನಿಮ್ಮ ಪ್ರಶ್ನೆ ಕೇಳಿ ಸುಮ್ಮನೆ ಕೂತೆ. ಅವರು ಫೈಲು ತಿರುವುತ್ತಲೇ ಇದ್ದರು. ಉತ್ತರ ಕೊಟ್ಟವರು ಶೆಟ್ಟಿಕೊಪ್ಪ ಕಡೆಯ ಸದಸ್ಯೆ, ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರು.

"ತಡಿಯಲ್ಲ ಸಾರ್. ಅದು ನಮಗೆಲ್ಲ ಗೊತ್ತಿದ್ದದ್ದೇ. ಯಾರೂ ಕೇಳಿರ್ಲಿಲ್ಲ, ಅಷ್ಟೆ."

ಆಗ ಇಂಜಿನಿಯರ್ ತಾವಾಗಿಯೇ ನನ್ನ ಅಳತೆಯ ಪುಸ್ತಕ ಕೇಳಿ ಪಡೆದು ಪುಟ ಪುಟ ನೋಡಿದರು. ಎಸ್ಟಿಮೇಟ್ ಬದಲಾಯಿತು. ಸಂಕ ಆಳೆತ್ತರ ಮೇಲೆ ಬಂತು.

ಮೊದಲ ಮಳೆಗಾಲದಲ್ಲಿ ಏನಾಯಿತು ಕೇಳಿ. ನೀರು ಹಳೇ ಮಟ್ಟಕ್ಕೂ ಏರಲಿಲ್ಲ. ಇದರಡಿಯಲ್ಲಿ ಆನೆ ದಾಟಿಸುತ್ತಾರಾ ಎಂದು ಜನ ಗೇಲಿ ಮಾಡಿದರು, ಮೊಣಕಾಲು ನೋವಿನವರು ಶಾಪ ಹಾಕಿದರು. ಸುಳ್ಳುಗಾರ್ತಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ನಾವು ಕೇಳಿದ್ದೆವು ಅಷ್ಟೆ, ಹೇಳಿರಲಿಲ್ಲವಲ್ಲ.

ಈ ಸಲದ ಆಷಾಢದಲ್ಲಿ ಒಂದು ದಿನ ಬೆಳಗಿನಿಂದ ಬಿಡದೆ ಹೊಯ್ದಾಗ ತಡೆಯಲಾಗದೆ ಬಸ್ಸು ಹತ್ತಿ ಹೋದೆ. ಹಳೇ ಸಂಕದ ಕಂಬ ಪಕ್ಕದಲ್ಲೇ ಬಿಟ್ಟಿದ್ದಾರೆ, ಅದು ಕಾಣಿಸಲಿಲ್ಲ. ಅದರ ಮೇಲೆ ಕೆಂಪು ನೀರು ಮರದ ದಿಮ್ಮಿ ಹೊತ್ತು ಹೋಗುತ್ತಿತ್ತು. ಶಾಲೆ ಬಿಟ್ಟ ಹೊತ್ತು. ಹೊಸ ಸಂಕದ ಮೇಲೆ ಮಕ್ಕಳು ಛತ್ರಿಯಲ್ಲಿ ಒಬ್ಬರಿಗೊಬ್ಬರು ತಿವಿದುಕೊಳ್ಳುತ್ತ, ಜಗಳ ಆಡುತ್ತ ಮನೆಗೆ ಹೋದರು. ಕೆಳಗೆ ನೋಡಿದವರೂ ಕಡಿಮೆ. ನಾನು ಅಲ್ಲೇ ನಿಂತು ಅತ್ತೆ. ಯಾರಿಗೆ ಹೇಳುವುದು? ಮರುದಿನದ ಪೇಪರಿನಲ್ಲಿ ನೆರೆಗೆ ಸಿಕ್ಕಿದ ಬೇರೆ ಬೇರೆ ಊರಿನ ಹೆಸರಿತ್ತು, ಶೆಟ್ಟಿಕೊಪ್ಪದ್ದು ಇರಲಿಲ್ಲ.

ಆ ದಿನ ಅಲ್ಲಿ ಏನೂ ಆಗಲಿಲ್ಲ, ಕಾಕಾ. ನಿಮಗೆ ಮುಟ್ಟಿಸಬೇಕಾಗಿದ್ದ ಸುದ್ದಿ ಇದೇ.

ಕೊಪ್ಪದ ಪಕ್ಕದ ನಾರ್ವೆ ಹಳ್ಳಿಯ ಸುಮಿತ್ರಾ