ಮಾಸ್ಟರು ಮಲಗುವುದಿಲ್ಲ

ವಿಶಾಖಪಟ್ಟಣ
6 ಫೆಬ್ರವರಿ 2017, ಬೆಳಿಗ್ಗೆ

ಯೋಗದ ಕ್ಲಾಸು ಮುಗಿಯಿತು. ಟೆರೇಸಿನ ಚಾಪೆಗಳನ್ನು ಸುತ್ತಿಟ್ಟು ಬಂದೆ. ಎರಡನೇ ಮಹಡಿಯ ಪದ್ಮಾಳ ಸೊಂಟ ಪರವಾಗಿಲ್ಲ. ಆದರೆ ನೋವನ್ನು ಬಯ್ಯುತ್ತಾ ಬಗ್ಗುತ್ತಾಳೆ. ಬಯ್ಯಬೇಡಮ್ಮಾ ಎಂದೆ. ನೋವು ಮನೆಗೆ ಬಂದ ನೆಂಟರ ಹಾಗೆ, ಮೊದಲು ಕೂರಲು ಜಾಗ ಕೊಡು, ಉಸಿರು ಕೊಡು, ತಾನೇ ಹೊರಡುತ್ತದೆ.

"ನಮ್ಮತ್ತೆಗೂ ಜಾಗ ಕೊಟ್ಟೆ ಮಾಸ್ಟರುಗಾರೂ, ಇನ್ನೂ ಹೊರಟಿಲ್ಲ!"

ಎಲ್ಲರೂ ನಕ್ಕರು. ನಾನೂ.

ಪ್ರಾಣಾಯಾಮ ಆದೊಡನೆ "ಓಕೆ, ಕ್ಲಾಸ್ ಡಿಸ್ಪರ್ಸ್" ಎಂದೆ. ಶವಾಸನ ಇಲ್ಲ. ಹೆಂಡತಿ ಗಿರಿಜಾ ತೀರಿಕೊಂಡಾಗಿನಿಂದ ಇಲ್ಲ. ಲಕ್ಷ್ಮೀಕಾಂತಮ್ಮನವರು ಬಿಡಲಿಲ್ಲ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್, ಬಳ್ಳಾರಿ ತವರು. ಕನ್ನಡ ತೆಲುಗು ಕಲಸಿಯೇ ಬಡಿಸುತ್ತಾರೆ.

"ಏಮಂಡೀ, ಊಟಕ್ಕೆ ಕೂರಿಸಿ ಮಜ್ಜಿಗೆ ಟೈಮಿಗೆ ಎಲೆ ಎತ್ತಿದ್ರೆ ಹೆಂಗೆ? ನನ್ನ ಬೀಪಿ ಇಳಿಯೋದೇ ಆ ಮಲಗೋದ್ರಾಗ."

"ಟೈಮಿಲ್ಲಮ್ಮಾ."

"ಪೆನ್ಷನರಿಗೆ ಟೈಮಿಲ್ವಾ!"

ಟೈಮಲ್ಲ. ನಡುಮನೆಯಲ್ಲಿ ಅವಳನ್ನು ಮಲಗಿಸಿದ್ದು... ಕಣ್ಣು ಮುಚ್ಚಿ, ಅಂಗಾತ. ಇವರೆಲ್ಲ ಹಾಗೆ ಮಲಗಿದರೆ ನನಗೆ ಉಸಿರು ಕಟ್ಟುತ್ತದೆ. ನಾನೂ ಮಲಗುವುದಿಲ್ಲ. ನಿದ್ದೆ ಕುರ್ಚಿಯಲ್ಲೇ. ಯಾರಿಗೂ ಹೇಳಿಲ್ಲ.

7 ಫೆಬ್ರವರಿ

ಬರೆಯಲು ಏನೂ ಇಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ್ದು ನೆನಪಾಯಿತು — ಗ್ರೀಫ್ ಈಸ್ ಆನ್ ಅಬ್‌ಸ್ಟ್ರಾಕ್ಟ್ ನೌನ್. ಮುಟ್ಟಲಾಗದ್ದು ಅಂತ. ರಾಂಗ್ ಸಾರ್. ಕತ್ತಿನ ಎಡಗಡೆ ಇದೆ. ಒತ್ತಿದರೆ ಕೈಗೆ ಸಿಗುತ್ತದೆ.

ಬ್ಯಾಂಕಿನಲ್ಲಿದ್ದಾಗ ಬೆನ್ನು ಹಿಡಿದುಕೊಂಡು ಯೋಗಕ್ಕೆ ಹೋದವನು ನಾನು. ವೈರಾಗ್ಯ ಗೀರಾಗ್ಯ ಏನಿಲ್ಲ. ಗಿರಿಜಾ ನಗುತ್ತಿದ್ದಳು: "ಮ್ಯಾನೇಜರ್ ಮುಂದೆ ಬಗ್ಗಿದ್ದು ಸಾಲ್ದೇನ್ರೀ?" ಬೆನ್ನು ಸರಿಹೋದ ಮೇಲೆ, ನಾಲ್ಕು ಜನಕ್ಕೆ ಹೇಳಿಕೊಡಿ ಎಂದು ಟೆರೇಸು ಗುಡಿಸಿ ಕೊಟ್ಟವಳೂ ಅವಳೇ.

ವಿಜಯವಾಡ
26 ಫೆಬ್ರವರಿ

ಮಗಳು ಹರಿಣಿಯ ಮನೆ. ಬೆಂಜ್ ಸರ್ಕಲ್ಲಿನ ಹಾರನ್ನು ಏಳನೇ ಮಹಡಿಗೂ ಹತ್ತಿ ಬರುತ್ತದೆ.

ಸಿಕ್ಕಿಬಿದ್ದೆ. ಬೆಳಿಗ್ಗೆ ಕಾಫಿ ತಂದವಳು ನೋಡಿದಳು — ಹಾಸಿಗೆ ಹಾಸಿದ ಹಾಗೇ ಇದೆ, ನಾನು ಬಾಲ್ಕನಿ ಕುರ್ಚಿಯಲ್ಲಿ, ಪಾದ ಎರಡೂ ಊದಿವೆ.

"ಅಪ್ಪಾ, ದಿನಾ ಹೀಗೇನಾ?"

ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಅಮ್ಮ ಹೋದಾಗಿಂದಾನಾ? ಅಯ್ಯೋ ರಾಮಾ! ಊರಿಗೆಲ್ಲಾ ರಿಲ್ಯಾಕ್ಸ್ ರಿಲ್ಯಾಕ್ಸ್ ಅಂತೀಯಾ, ನೀನು ಮಾತ್ರ ವಾಚ್‌ಮನ್ ಥರ ಕೂತಿರ್ತೀಯಾ!"

ಡಾಕ್ಟರ ಹತ್ತಿರ ಎಳೆದೊಯ್ದಳು. ಕಾಲು ಇಳಿಬಿಟ್ಟು ಕೂತು ಕೂತು ಬಾವು ಬಂದಿದೆ, ಕಾಲು ಚಾಚಿ ಮಲಗಲೇಬೇಕು, ಇಲ್ಲದಿದ್ದರೆ ಕಷ್ಟ ಎಂದರು. ಆಟೋದಲ್ಲಿ ಹರಿಣಿ ರಸ್ತೆಯ ಕಡೆಗೆ ಮುಖ ತಿರುಗಿಸಿಕೊಂಡೇ ಹೇಳಿದಳು: "ಒಂದು ತಿಂಗಳು ನೋಡ್ತೀನಪ್ಪಾ. ಆಮೇಲೆ ನಿನ್ನ ಕ್ಲಾಸು ಬಂದ್. ಇಲ್ಲೇ ನನ್ನ ಕಣ್ಣೆದುರಿಗಿರು."

ಕ್ಲಾಸು ಹೋದರೆ ನನಗೆ ಬೆಳಗಾಗುವುದಾದರೂ ಯಾತಕ್ಕೆ?

ವಿಶಾಖಪಟ್ಟಣ
8 ಮಾರ್ಚ್

ಮಲಗಿ ನೋಡಿದೆ. ಕಣ್ಣು ಮುಚ್ಚಿದೆ. ಎದ್ದುಬಿಟ್ಟೆ.

ಕುರ್ಚಿ.

21 ಮಾರ್ಚ್, ಬೆಳಿಗ್ಗೆ

ಲಕ್ಷ್ಮೀಕಾಂತಮ್ಮ ಇವತ್ತು ಕೇಳಲೇ ಇಲ್ಲ. "ಡಿಸ್ಪರ್ಸ್" ಎಂದೊಡನೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. "ಪದ್ಮಾ, ನೀನೂ ಪಡುಕೋ. ಮಾಸ್ಟರು ಹೇಳಿದ್ರೆ ಹೇಳ್ಲಿ, ಬಿಟ್ರೆ ಬಿಡ್ಲಿ." ಒಬ್ಬೊಬ್ಬರಾಗಿ ಎಲ್ಲರೂ ಮಲಗಿದರು. ನಾನು ನೀರಿನ ಟ್ಯಾಂಕಿಗೆ ಮುಖ ಮಾಡಿ ನಿಂತೆ. ಮೆಟ್ಟಿಲಿಗೆ ಹೋಗಬೇಕಾದರೆ ಅವರನ್ನು ದಾಟಬೇಕು. ಹೇಗೆ ದಾಟುವುದು?

ಅಷ್ಟರಲ್ಲಿ ಪದ್ಮಾ "ಅಮ್ಮೋ, ಇರುವೆ!" ಎಂದು ಕಿರುಚಿದಳು.

"ಹೆಣಕ್ಕೆ ಇರುವೆ ಕಚ್ಚಿದ್ದು ಗೊತ್ತಾಗಲ್ಲ. ಸುಮ್ನೆ ಬಿದ್ಕೋ" — ಲಕ್ಷ್ಮೀಕಾಂತಮ್ಮ, ಕಣ್ಣು ಮುಚ್ಚಿಕೊಂಡೇ.

ಆ ಮಾತಿಗೆ ಬೆಚ್ಚಿ ತಿರುಗಿದೆ. ಪದ್ಮಾ ಹೆಬ್ಬೆರಳು ಕುಣಿಸಿ ಇರುವೆ ಕೊಡವುತ್ತಿದ್ದಳು.

ಗಿರಿಜಾಳ ಹೆಬ್ಬೆರಳುಗಳನ್ನು ನಾನೇ ಕಟ್ಟಿದ್ದೆ. ಪುರೋಹಿತರು ಹೇಳಿದರು, ಅವಳ ಹಳೆಯ ಮಂಗಳಗಿರಿ ಸೀರೆಯ ಅಂಚು ಹರಿದು, ಎರಡೂ ಕಾಲು ಜೋಡಿಸಿ ಬಿಗಿಯಾಗಿ ಕಟ್ಟಿದೆ. ಇಲ್ಲಿ ಯಾರ ಕಾಲಿಗೂ ಕಟ್ಟಿಲ್ಲ. ಒಂದು ಪಾದ ಸಮುದ್ರದ ಕಡೆ, ಒಂದು ಬೆಟ್ಟದ ಕಡೆ, ಸೋಮಾರಿಗಳ ಹಾಗೆ ವಾಲಿಕೊಂಡಿವೆ. ಪಾದ ಸಡಿಲ ಬಿಡಿ, ಪಾದ ಸಡಿಲ ಬಿಡಿ — ಎಷ್ಟು ವರ್ಷ ಹೇಳಿದ್ದೇನೆ! ಹೆಸರಷ್ಟೇ ಶವದ್ದು. ಮಲಗಿದ್ದವರೆಲ್ಲ ಬದುಕಿದ್ದರು.

ಹೇಳತೊಡಗಿದೆ. "ಉಸಿರು ತನ್ನ ಪಾಡಿಗೆ ಬರಲಿ... ಹೋಗಲಿ..." ದನಿ ಒಡೆಯಿತು. ಯಾರೂ ಕಣ್ಣು ತೆರೆಯಲಿಲ್ಲ. ಬೇಕೆಂದೇ ತೆರೆಯಲಿಲ್ಲವೇನೋ.

ಅದೇ ದಿನ, ಮಧ್ಯಾಹ್ನ

ಹರಿಣಿಗೆ ಫೋನ್ ಮಾಡಬೇಕು. ಆಮೇಲೆ ಮಾಡುತ್ತೇನೆ. ಮಂಚದ ಮೇಲೆ ಅಂಗಾತ ಮಲಗಿಕೊಂಡೇ ಬರೆಯುತ್ತಿದ್ದೇನೆ, ಡೈರಿಯನ್ನು ಮುಖದ ಮೇಲೆ ಎತ್ತಿ ಹಿಡಿದು. ಸ್ವಲ್ಪ ಭಯ ಇದೆ. ಬೆನ್ನು ಪೂರ್ತಿ ಹಾಸಿಗೆಗೆ ತಾಗಿದೆ — ನನ್ನ ಬೆನ್ನು ಇಷ್ಟು ಅಗಲವೇ! ಬಾಲ್ ಪೆನ್ನು ಮೇಲ್ಮುಖ ಹಿಡಿದರೆ ಇಂಕು ಇಳಿಯುತ್ತಿಲ್ಲ. ಅಕ್ಷರ ಮಸುಕು. ಎದ್ದು ಕೂತು ಬರೆಯಬಹುದು. ಆದರೆ